ತಾಮ್ರದೊಳಗಿನ ರಾಜ

ಬಹಳ ಬಹಳ ಹಿಂದೆ, ಸೋಮಾವತಿ ಎಂಬ ರಾಜ್ಯದಲ್ಲಿ, ಬಯಲಾಟದವರು ಬಂದರೆಂದರೆ ಜನ ಉಣ್ಣುವುದನ್ನೂ ಬಿಟ್ಟು ಓಡಿ ಬರುತ್ತಿದ್ದರು. ಅದನ್ನು ಕಂಡು ಹೊಟ್ಟೆ ಉರಿದುಕೊಂಡವನು ವಕ್ರನಖನೆಂಬ ಮಾಯಾವಿ. ತಾಮ್ರದ ಹಲಗೆಯ ಮೇಲೆ ಚಿತ್ರ ಕೆತ್ತುವುದು ಅವನ ಕಸುಬು; ಅವನ ಜೀವ ಇದ್ದುದೂ ಆ ಗೆರೆಗಳಲ್ಲೇ. ವೇಷ ಕಟ್ಟಿ ನಿಂತ ನಟನನ್ನು ಅವನು ಕೆತ್ತಿ ಮುಗಿಸಿದನೆಂದರೆ, ನಟ ಆ ಹಲಗೆಯೊಳಗೇ ಸೇರಿಹೋಗುತ್ತಿದ್ದ. ಹಾಗೆ ಒಂದೇ ಮೇಳದ ಹೆಸರಾಂತ ನಟರು ಮೂವರು ಹೋದರು. ಕೊನೆಯವನು ರಾಜನ ವೇಷದ ಕೇತಣ್ಣ.

ಕೇತಣ್ಣನ ಹೆಂಡತಿ ಮಾಳವ್ವ ಹುಡುಕಿ ಹೊರಡಬೇಕೆನ್ನುವಾಗಲೇ ಮಗ ಚೆನ್ನನಿಗೆ ಜ್ವರ ಬಂತು. "ಅಪ್ಪ ಬಂದನೇನವ್ವಾ?" ಎಂದು ಕೇಳುತ್ತ ಕೇಳುತ್ತಲೇ ಮಗು ಕಣ್ಣು ಮುಚ್ಚಿತು. ಮಗನನ್ನು ಮಣ್ಣು ಮಾಡಿದ ಕೈಯನ್ನು ತೊಳೆಯದೆಯೇ ಮಾಳವ್ವ ಮಾಯಾವಿಯ ಮಹಲಿಗೆ ನಡೆದಳು.

ಬಾಗಿಲಲ್ಲಿ ತಾಮ್ರದ ಹುಲಿ ಮಲಗಿತ್ತು. ಅವಳ ಮುಖ ನೋಡಿ ಅದು ಗರ್ಜಿಸಲಿಲ್ಲ.

"ಮನೆಯವರು ಕರೆಯುವ ಹೆಸರಿಗೆ ಓಗೊಟ್ಟವನು ಹೊರಗೆ ಬರುತ್ತಾನೆ. ಆದರೆ ಮೂವರೂ ಬರುವ ತನಕ ಒಬ್ಬನನ್ನೂ ಹೊಸ್ತಿಲು ದಾಟಲು ಬಿಡೆ," ಎಂದಿತು.

ಮೊದಲ ಹಲಗೆಯಲ್ಲಿ ಕೋರೆಹಲ್ಲಿನ ರಾಕ್ಷಸ. "ತಿಂದುಬಿಡುತ್ತೇನೆ!" ಎಂದು ಅಬ್ಬರಿಸಿದ.

"ಬೀರಣ್ಣಾ, ನಿನ್ನ ಕೂಸು ನಡೆಯುತ್ತಿದೆಯಪ್ಪಾ," ಎಂದಳು ಮಾಳವ್ವ.

"ಹೌದೇನಕ್ಕಾ?" ಎಂದವನೇ ಬೀರಣ್ಣ ಹೊರಗೆ ಬಿದ್ದ.

ಎರಡನೆಯದರಲ್ಲಿ ಮಹಾರಾಣಿ. "ದೂರ ನಿಲ್ಲು, ದಾಸಿ!"

"ಸೋವಣ್ಣಾ, ನಿನ್ನವ್ವ ಇನ್ನೂ ನಿನಗೊಂದು ಮುದ್ದೆ ಎತ್ತಿಡುತ್ತಾಳೆ."

ಸೀರೆಯುಟ್ಟ ಸೋವಣ್ಣ ಅಳುತ್ತ ಹೊರಬಂದ.

ಮೂರನೆಯದರಲ್ಲಿ ಕೇತಣ್ಣ. ಯುದ್ಧ ಗೆದ್ದ ರಾಜನ ವೇಷ, ಮುಖದ ತುಂಬ ನಗು. "ಏನು ಬೇಕಮ್ಮಾ? ಬೇಡು. ಇಂದು ನನಗೆ ಯಾವ ದುಃಖವೂ ಇಲ್ಲ," ಎಂದ.

ಮಾಳವ್ವ ಬೀರಣ್ಣನ ಕಡೆ ತಿರುಗಿ, ಚೆನ್ನ ಇಲ್ಲವಾದುದನ್ನು ಪಿಸುಗುಟ್ಟಿದಳು. ಗಂಡನ ಹೆಸರು ಹಿಡಿದು ಕರೆದವಳಲ್ಲ ಅವಳು. ಅವಳು ಕರೆಯುತ್ತಿದ್ದ ಹೆಸರು ಒಂದೇ. ಆ ಹೆಸರೆತ್ತಿದರೆ ಅವನು ಮಗನನ್ನು ಕೇಳುತ್ತಾನೆ.

ಬೀರಣ್ಣ ಮೆಲ್ಲಗೆ ಹೇಳಿದ: "ಬೇಡ ಅಕ್ಕಾ. ನಾವು ಇಲ್ಲೇ ಇದ್ದುಬಿಡುತ್ತೇವೆ. ಅವನಾದರೂ ನಗುತ್ತಿರಲಿ."

ಬೀರಣ್ಣನ ಕೂಸು ನೆನಪಾಯಿತು ಅವಳಿಗೆ. ಕಣ್ಣು ಮುಚ್ಚಿ ಕರೆದಳು: "ಚೆನ್ನನಪ್ಪಾ..."

"ಓ!" ಕಿರೀಟ ಉರುಳಿತು. ಕೇತಣ್ಣ ಒಂದು ಕಾಲು ಹೊರಗಿಟ್ಟ. "ಚೆನ್ನನೆಲ್ಲಿ ಮಾಳೀ? ಕರಕೊಂಡು ಬರಲಿಲ್ಲವೇ?"

"ಅವನು ಹೋಗಿಬಿಟ್ಟ. ನಾನೇ ಮಣ್ಣು ಮಾಡಿ ಬಂದೆ."

ಅಷ್ಟರಲ್ಲಿ ವಕ್ರನಖ ಉಳಿ ಹಿಡಿದು ಬಂದ. "ಒಳಗೆ ಹೋಗು ರಾಜಾ," ಎಂದ ಸವಿಯಾಗಿ. "ಅಲ್ಲಿ ಯಾರ ಮಗನೂ ಸತ್ತಿಲ್ಲ."

ಕೇತಣ್ಣ ಹಲಗೆಯ ಕಡೆ ತಿರುಗಿ ನೋಡಿದ. ಆಮೇಲೆ ಹೆಂಡತಿಯ ಉಗುರಿನಲ್ಲಿದ್ದ ಮಣ್ಣು ನೋಡಿದ. "ಇವಳೊಬ್ಬಳೇ ಅಳಬೇಕೇನು?" ಎಂದು ಇನ್ನೊಂದು ಕಾಲನ್ನೂ ಹೊರಗಿಟ್ಟ.

ಹಲಗೆಗಳ ಗೆರೆಗಳೆಲ್ಲ ಅಳಿಸಿಹೋದವು. ಅವುಗಳೊಡನೆ ವಕ್ರನಖನೂ ಸವೆದು ಸವೆದು ಒಂದು ಗೆರೆಯಾದ, ಆ ಗೆರೆಯೂ ಇಲ್ಲವಾಯಿತು. ಹುಲಿ ಎದ್ದು ದಾರಿ ಬಿಟ್ಟಿತು.

ಬೀರಣ್ಣ ಕೂಸನ್ನು ಎತ್ತಿಕೊಂಡ. ಸೋವಣ್ಣ ಅವ್ವನ ಮುದ್ದೆ ಉಂಡ. ಮತ್ತೆ ಆಟಗಳಾದವು, ಸೋಮಾವತಿಯ ಜನ ಸುಖವಾಗಿ ಬಾಳಿದರು. ಮಾಳವ್ವ, ಕೇತಣ್ಣರೂ ಬಾಳಿದರು. ಮಗನ ಮಾತು ಬಂದಾಗ ಒಬ್ಬರು ಅತ್ತರೆ, ಇನ್ನೊಬ್ಬರು ಹತ್ತಿರ ಬಂದು ಕೂರುತ್ತಿದ್ದರು.