ಊಟದ ಹೊತ್ತಿಗೆ ತೆರೆದಿದ್ದ ವಿಪಿಎನ್

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿಯ ತುದಿಯಲ್ಲಿ ಕೂತೇ ದೂರು ಬರೆಸಿದಳು. ಅವಳದು ಮನೆಯಿಂದಲೇ ಕಂಪನಿ ಕೆಲಸ. ಸೋಮವಾರ ಮಧ್ಯಾಹ್ನ ಅವಳು ಊಟಕ್ಕೆ ಎದ್ದಾಗ, ಅವಳದೇ ವಿಪಿಎನ್ ಮೂಲಕ ಯಾರೋ ಕಂಪನಿಯ ಫೈಲುಗಳನ್ನು ಅಳಿಸಿದ್ದರು.

"ವಿಪಿಎನ್ ಅಂದ್ರೆ?" ಕಾನ್‌ಸ್ಟೇಬಲ್ ಕೇಳಿದ.

"ಮನೆಯಿಂದ ಆಫೀಸಿನೊಳಗೆ ಹೋಗೋಕೆ ನನಗೊಬ್ಬಳಿಗೇ ಕೊಟ್ಟಿರೋ ದಾರಿ. ಅದಕ್ಕೇ ನಾನೇ ಅಳಿಸಿದ್ದು ಅಂತಾರೆ. ನನ್ನ ಕೆಲಸ ಹೋಗುತ್ತೆ ಸಾರ್!"

"ಊಟಕ್ಕೆ ಏಳುವಾಗ ಮುಚ್ಚಲಿಲ್ವಾ?" ಎಂದರು ಇನ್‌ಸ್ಪೆಕ್ಟರ್.

"ಮತ್ತೆ ತೆರೆಯೋಕೆ ಏಳು ಕೆರೆ ನೀರು ಕುಡೀಬೇಕು. ಲ್ಯಾಪ್‌ಟಾಪ್‌ನಲ್ಲಿ ತೆರೆದೇ ಬಿಟ್ಟಿದ್ದೆ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮನೆಯಲ್ಲಿ ಪಂಚನಾಮೆ. ಅಣ್ಣತಮ್ಮಂದಿರ ಸಂಸಾರ, ಎಲ್ಲರಿಗೂ ಸೇರಿ ಒಂದೇ ನೆಟ್. ಹೊರಗಿನವರು ಬಂದ ಸುಳಿವಿಲ್ಲ. ಸೋಮವಾರ ಗಂಡಸರು ಕೆಲಸಕ್ಕೆ ಹೋಗಿದ್ದರು. ಅತ್ತೆ ಮತ್ತು ದೂರು ಕೊಟ್ಟ ಚಿಕ್ಕ ಸೊಸೆ ಊಟಕ್ಕೆ ಕೂತಿದ್ದರು. ಉಳಿದವಳು ದೊಡ್ಡ ಸೊಸೆ.

"ನೀವೆಲ್ಲಿದ್ರಿ?"

"ಬೆಳಿಗ್ಗೆಯಿಂದ ಅಡುಗೆಮನೇಲೇ ಬೆಂದೆ. ಅವರಿಗೆ ಬಡಿಸಿ ರೂಮಿಗೆ ಹೋಗಿ ಫೋನಲ್ಲಿ ಧಾರಾವಾಹಿ ನೋಡ್ತಿದ್ದೆ."

"ಮನೆ ನೆಟ್‌ನಲ್ಲಾ?"

"ನನಗೆ ಬೇರೆ ನೆಟ್ ಯಾರು ಹಾಕಿಸಿಕೊಟ್ಟಿದ್ದಾರೆ?"

ಇನ್‌ಸ್ಪೆಕ್ಟರ್ ಚಿಕ್ಕವಳ ಗಂಡನನ್ನು ಕರೆದರು. ಮನೆಯ ವೈಫೈ ಉಸ್ತುವಾರಿಯೆಲ್ಲ ಅವನದೇ.

"ಇವಳ ಮೀಟಿಂಗ್ ನಡುವೆ ನೆಟ್ ಕಡಿದು ಹೋಗ್ತಿತ್ತು ಸಾರ್. ಸೋಮವಾರ ಬೆಳಿಗ್ಗೆ ಇವಳ ಲ್ಯಾಪ್‌ಟಾಪ್ ಒಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಸಂಜೆವರೆಗೂ ಬಂದ್ ಮಾಡಿದ್ದೆ."

"ಯಾರಿಗೆ ಹೇಳಿದ್ರಿ?"

"ಅಮ್ಮನಿಗೆ."

"ಅತ್ತಿಗೆಗೆ?"

ಅವನು ತಲೆ ಕೆರೆದುಕೊಂಡ. ಆಸಾಮಿಗೆ ಆ ಯೋಚನೆಯೇ ಬಂದಿರಲಿಲ್ಲ!

ದೊಡ್ಡ ಸೊಸೆಯನ್ನು ಮತ್ತೆ ಕೂರಿಸಿದರು. "ನೆಟ್ಟೇ ಇರಲಿಲ್ಲವಲ್ಲಮ್ಮ, ಧಾರಾವಾಹಿ ಹೇಗೆ ನೋಡಿದ್ರಿ?"

ಅವಳು ಮೈದುನನ ಕಡೆ ತಿರುಗಿದಳು. "ಅಷ್ಟನ್ನೂ ನನಗೆ ಹೇಳಲಿಲ್ವಾ?"

ಆಮೇಲೆ ಅವಳು ಏನನ್ನೂ ಮುಚ್ಚಿಡಲಿಲ್ಲ. "ಹೌದು, ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳಿಸಿದೆ. ಅವಳ ಮೀಟಿಂಗ್ ಅಂದ್ರೆ ಕುಕ್ಕರ್ ಕೂಗಬಾರದು, ನಾನು ಕೆಮ್ಮಬಾರದು. ನನಗೆ ಜ್ವರ ಬಂದಾಗ ಈ ಮನೇಲಿ ಯಾರಾದ್ರೂ ಟಿವಿ ಸಣ್ಣ ಮಾಡಿದ್ರಾ? ಹೊಟ್ಟೆ ಉರೀತು ಸಾರ್. ಒಂದು ಸಲ ಅವಳೂ ಬೈಸಿಕೊಳ್ಳಲಿ ಅನ್ನಿಸ್ತು."

ಚಿಕ್ಕವಳು "ಅಕ್ಕಾ..." ಎಂದಳು. ಅವಳ ಕೆಲಸವೇನೋ ಉಳಿಯಿತು.

ಸಂಜೆ ನಾಲ್ಕೂವರೆಗೆ ದಸ್ತಗಿರಿ. ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರ್ 'ಅಸೂಯೆ' ಎಂದು ಬರೆದರು. ಮಹಿಳಾ ಕಾನ್‌ಸ್ಟೇಬಲ್ ಅವಳನ್ನು ಜೀಪಿಗೆ ಹತ್ತಿಸುವಾಗ ಅತ್ತೆ ಬಾಗಿಲಿಗೆ ಬಂದರು.

"ಅಲ್ಲ ಸಾರ್, ಹಾಗಾದ್ರೆ ರಾತ್ರಿಗೆ ಅಡುಗೆ ಯಾರು ಮಾಡ್ತಾರೆ?"

ಬರೆದ ಆ ಒಂದು ಪದ ಸಾಲದು ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು.