ತಾಳ ತಪ್ಪಿದ ಗಂಟೆ

ಗಂಟೆ ತಾಳ ತಪ್ಪಿತು!

ಇಂಗ್ಲೆಂಡಿನ ಆ ಪುಟ್ಟ ಹಳ್ಳಿಯ ಕಲ್ಲಿನ ಚರ್ಚಿನಲ್ಲಿ ಹಗ್ಗ ಹಿಡಿದು ಗಂಟೆ ಬಾರಿಸುತ್ತಿದ್ದವರೆಲ್ಲ ತಿರುಗಿ ನೋಡಿದರು. ತಪ್ಪು ಮಾಡಿದವನು ಮಾತ್ರ ಬಾಗಿಲಲ್ಲಿ ನಿಂತಿದ್ದ ಸಂಘಮಿತ್ರಾಳನ್ನೇ ನೋಡುತ್ತಿದ್ದ.

ಅಜಯಕುಮಾರ!

ತನ್ನೂರು ನಿಂಬರ್ಗಾದ ಅಜಯಕುಮಾರ... ಇಲ್ಲಿ?

ಪಕ್ಕದ ಪಟ್ಟಣದಲ್ಲಿ ನರ್ಸ್ ಆಗಿದ್ದ ಅವಳು ರಜೆಯ ದಿನ ಹಳೇ ಚರ್ಚು ನೋಡಲೆಂದು ಬಂದಿದ್ದಳು. ಹಿಂದಿನ ಬೆಂಚಿನ ಮೇಲೆ ಹೋಗಿ ಕುಳಿತಳು.

ತಣ್ಣನೆಯ ಕಲ್ಲು, ಮೇಣದಬತ್ತಿಯ ವಾಸನೆ... ಕಣ್ಣು ಮುಚ್ಚಿದರೆ ಊರಿನ ಬುದ್ಧವಿಹಾರ! ಸಂಜೆ ವಂದನೆ ಮುಗಿದ ಮೇಲೆ ಇಬ್ಬರೂ ತೊಗರಿ ಹೊಲದ ಬದುವಿನ ಮೇಲೆ ನಡೆಯುತ್ತಿದ್ದರು. ಹಸಿ ತೊಗರಿಕಾಯಿ ಸುಲಿದು ಅವನು ಅವಳ ಅಂಗೈ ತುಂಬುತ್ತಿದ್ದ.

ಮತ್ತೆ ಆ ದಿನ... ಅವಳಿಗೆ ವೀಸಾ ಬಂತೆಂದು ವಿಹಾರದಲ್ಲಿ ಸನ್ಮಾನ. ಊರೆಲ್ಲರ ಎದುರು ಮೈಕ್ ಹಿಡಿದು ಇವನೇ ಹೇಳಿದ್ದ, "ಸಂಘಮಿತ್ರಾನ್ನ ಇಲ್ಲಿ ತಡಿಯೋರು ಯಾರೂ ಇಲ್ಲ. ಖುಷಿಲೆ ಹೋಗ್ಲಿ."

ಯಾರೂ ಇಲ್ಲ! ಹಾಗಾದರೆ ನೀನು? ವಿಮಾನದ ತುಂಬ ಅತ್ತಿದ್ದಳು.

ಗಂಟೆಗಳು ನಿಂತವು. ಅವನು ಹತ್ತಿರ ಬಂದ.

"ಸಂಘಮಿತ್ರಾ..."

"ಹ್ಯಾಂಗಿದ್ದೀರಿ?"

ಆ 'ರಿ' ಅವನಿಗೆ ಚುಚ್ಚಿತು. "ನನಗ ಯಾವಾಗಿಂದ ರೀ ಅನ್ನಾಕತ್ತಿ?"

"ತಡಿಯೋರು ಯಾರೂ ಇಲ್ಲ ಅಂದ್ರಲ್ಲ, ಅವತ್ತಿನಿಂದ."

ಅವನು ತಲೆ ತಗ್ಗಿಸಿದ. "ಹಿಂದಿನ ದಿನ ನೀ ಏನಂದಿದ್ದಿ? ನಾ ಹೋಗಬ್ಯಾಡ ಅಂದ್ರ ಟಿಕೆಟ್ ರದ್ದು ಮಾಡ್ತೇನಿ ಅಂದಿದ್ದಿ. ಎಲ್ಲಿ 'ಬ್ಯಾಡ' ಅಂತ ಬಾಯಿಗೆ ಬಂದುಬಿಡ್ತದೋ ಅಂತ ಹೆದ್ರಿಕಿ ಆಗಿತ್ತು! ಅದಕ್ಕ ಎಲ್ಲಾರ ಮುಂದ ಹಂಗ ಅಂದುಬಿಟ್ಟೆ."

"ಆಮ್ಯಾಲರೆ ಫೋನ್ ಮಾಡಬಾರದೇನು?"

"ನಂಬರ್ ಕೇಳಾಕ ನಿಮ್ಮ ಮನಿಗಿ ಹೋಗಿದ್ದೆ. 'ಈಗ ಅಳೋದು ಕಮ್ಮಿ ಮಾಡ್ಯಾಳ, ಮತ್ತ ಅಳಸಬ್ಯಾಡಪಾ' ಅಂದ್ಳು ನಿಮ್ಮವ್ವ."

ಅವ್ವ ಮಲ್ಕಮ್ಮ ಇದನ್ನೆಂದೂ ಹೇಳಿರಲಿಲ್ಲ...

"ಇಲ್ಲಿ ಸಾಲಿ ಮಾಸ್ತರ ಕೆಲಸ ಸಿಕ್ತು. ನೀ ಈ ಕಡೆ ಇದ್ದೀ ಅಂತ ಗೊತ್ತಿದ್ದೇ ಬಂದೇನಿ. ನಿನ್ನ ಮುಂದ ನಿಂದ್ರೋ ಧೈರ್ಯ ಮಾತ್ರ ಬರ್ಲಿಲ್ಲ. ಭಾನುವಾರ ಸುಮ್ನ ಕುಂತ್ರ ಊರು ಭಾಳ ನೆನಪಾಗ್ತದ... ಅದಕ್ಕ ಈ ಹಗ್ಗ ಹಿಡದೇನಿ."

ಅವಳು ಬೆಂಚಿನಿಂದ ಎದ್ದಳು.

"ಮುಂದಿನ ವಾರ ಊರಿಗೆ ಹೊಂಟೇನಿ. ಅಫಜಲಪುರದವರು ನನ್ನ ನೋಡಾಕ ಬರ್ತಾರ."

ಅವನ ಮುಖ ಬಾಡಿತು. ಆದರೆ ಈ ಬಾರಿ ಅವನು ಸುಮ್ಮನಿರಲಿಲ್ಲ.

"ಬ್ಯಾಡ! ಅವತ್ತು ನಾ ಸುಳ್ಳು ಹೇಳಿದ್ದೆ, ಅದೂ ಮೈಕ್‌ನ್ಯಾಗ! ನಿನ್ನ ತಡಿಯೋನು ನಾ ಇದ್ದೇನಿ. ನನ್ನ ಲಗ್ನ ಆಗ್ತೀ?"

ಕಣ್ಣೀರು ತಡೆಯಲಾಗಲಿಲ್ಲ ಅವಳಿಗೆ. ಫೋನ್ ಹಚ್ಚಿ ಅವನ ಕೈಗಿಟ್ಟಳು.

"ಅವ್ವಗ ನೀನ ಹೇಳು."

ಅವನು ಹೊರಗೆ, ಪಾಚಿಗಟ್ಟಿದ ಗೋರಿಗಳ ನಡುವೆ ನಿಂತು ಮಾತಾಡಿದ. ಮಾತಾಡಿದ್ದು ಕಡಿಮೆ, ತಲೆಯಾಡಿಸಿದ್ದೇ ಹೆಚ್ಚು! ಕೊನೆಗೆ ಫೋನ್ ಎದೆಗೆ ಒತ್ತಿಕೊಂಡು ಅವಳತ್ತ ಬಂದ.

"ಏನಂದ್ಳು?"

"ಭಾಳ ಬೈದ್ಳು."

"ಆಮ್ಯಾಲ?"

"ಹುಡುಗಿ ಊಟ ಮಾಡ್ಯಾಳೇನು ಕೇಳು ಅಂದ್ಳು... ಇನ್ನೂ ಲೈನ್‌ನ್ಯಾಗ ಅದಾಳ."

ಸಂಘಮಿತ್ರಾ ಅಳುತ್ತಲೇ ನಕ್ಕಳು.

"ಇಬ್ರೂ ಕೂಡೇ ಉಣ್ತೇವಿ ಅಂತ ಹೇಳು."