ಕಬ್ಬಿಣದ ಬಾಗಿಲಿನ ವಿಭೂತಿ

"ಇದನ್ನ ಒರೆಸಿದ್ದು ಯಾರು?"

ಸ್ಫೂರ್ತಿ ತಿರುಗಿ ನೋಡಿದಳು. ಖಜಾನೆ ಕೋಣೆಯ ಕಬ್ಬಿಣದ ಬಾಗಿಲ ಮುಂದೆ ಒಬ್ಬ ಬರಿಗಾಲಲ್ಲಿ ನಿಂತಿದ್ದ. ಅವನ ಕಣ್ಣು ತುಂಬಿತ್ತು.

ಅಜ್ಜಂಪುರದ ಹಳೇ ಬ್ಯಾಂಕ್ ಕಟ್ಟಡವನ್ನು ಲೈಬ್ರರಿ ಮಾಡಲು ಕಡೂರಿನಿಂದ ಬಂದಿದ್ದ ಇಂಜಿನಿಯರ್ ಅವಳು. ಬಾಗಿಲಿಗೆ ಮೆತ್ತಿದ್ದ ದಪ್ಪ ಬಿಳಿ ಕಲೆಯನ್ನು ಸುಣ್ಣ ಅಂದುಕೊಂಡು ನಿನ್ನೆ ತಾನೇ ಸೀಮೆಎಣ್ಣೆ ಹಾಕಿ ಉಜ್ಜಿದ್ದಳು.

"ಸುಣ್ಣ ಅಲ್ವಾ ಅದು?"

"ವಿಭೂತಿ ಕಣ್ರೀ. ಊರಿನ ವ್ಯಾಪಾರಸ್ಥರು ಸೇರಿ ಬ್ಯಾಂಕ್ ಕಟ್ದಾಗ ಈ ಬಾಗ್ಲು ರೈಲಲ್ಲಿ ಶಿವನಿ ಸ್ಟೇಷನ್ನಿಗೆ ಬಂತು. ಅಲ್ಲಿಂದ ಎತ್ತಿನ ಗಾಡಿ. ಮಠದ ಸ್ವಾಮಿಗಳು ಮೊದಲ್ನೇ ದಿನ ಮೂರು ಬೆರಳಲ್ಲಿ ಎಳೆದ್ರು. ಆಮೇಲೆ ದಿನಾ ಬೆಳಗ್ಗೆ ಕ್ಯಾಷಿಯರ್ ಅದರ ಮೇಲೇ ಎಳೀಬೇಕು, ಯಾರೂ ಒರೆಸಂಗಿಲ್ಲ. ಬ್ಯಾಂಕು ಹೊಸ ಕಟ್ಟಡಕ್ಕೆ ಹೋದ ದಿನ ಕೊನೇ ಸಲ ಎಳೆದೋರು ನಮ್ಮಪ್ಪ, ರುದ್ರಮೂರ್ತಿ. ಈಗ ಅವರಿಲ್ಲ."

ಸ್ಫೂರ್ತಿ ಬಾಗಿಲನ್ನೇ ನೋಡಿದಳು. ದಿನಾ ವಿಭೂತಿ ಹಚ್ಚಿಕೊಂಡೇ ಬೆಳೆದವಳು... ನನಗೇ ಗುರುತು ಸಿಗಲಿಲ್ಲವಲ್ಲ!

"ಯಾರು ಒರೆಸಿದ್ರು?"

"ಪೇಂಟರ್ ರಂಗಯ್ಯ," ಅಂದುಬಿಟ್ಟಳು.

ಮರುದಿನವೇ ಲೈಬ್ರರಿ ಕಮಿಟಿಯವರು ರಂಗಯ್ಯನನ್ನು ಕೆಲಸದಿಂದ ಬಿಡಿಸಿದರು.

ಬರಿಗಾಲಲ್ಲಿ ಬಂದವನ ಹೆಸರು ಓಂಕಾರೇಶ್, ಅದೇ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಅಂದಿನಿಂದ ದಿನಾ ಸಂಜೆ ಖಾರಮಂಡಕ್ಕಿ ಕಟ್ಟಿಸಿಕೊಂಡು ಬಂದು ಕಟ್ಟಡದ ಒಂದೊಂದು ಮೂಲೆಯ ಕಥೆ ಹೇಳುತ್ತಿದ್ದ. ಅವನು ಬರೋದು ಐದು ನಿಮಿಷ ತಡವಾದರೂ ಇವಳ ಕಣ್ಣು ಬೀದಿಯಲ್ಲೇ ಇರುತ್ತಿತ್ತು.

ಅವನು ಇಷ್ಟವಾದಷ್ಟೂ ನಾಚಿಕೆ ಹೆಚ್ಚಾಯಿತು. ಆ ಸುಳ್ಳು ಬಾಯಲ್ಲಿಟ್ಟ ಬಿಸಿ ತುಪ್ಪ. ನುಂಗೋಕೂ ಆಗಲಿಲ್ಲ, ಉಗುಳೋಕೂ ಆಗಲಿಲ್ಲ. ಹೇಳಿದರೆ ಇವನು ಮತ್ತೆ ನನ್ನ ಮುಖ ನೋಡ್ತಾನಾ...

ಒಂದು ಸಂಜೆ ರಂಗಯ್ಯ ಬಾಗಿಲಲ್ಲಿ ಬಂದು ನಿಂತ.

"ನಾ ಆ ಬಾಗ್ಲು ಮುಟ್ಟೇ ಇಲ್ಲ ಕಣವ್ವಾ. ದೇವರಾಣೆಗೂ ಇಲ್ಲ. ನೀನಾದ್ರೂ ಒಂದ್ಮಾತು ಹೇಳವ್ವ."

ಪಕ್ಕದಲ್ಲೇ ಓಂಕಾರೇಶ್ ಇದ್ದ. ಸ್ಫೂರ್ತಿಗೆ ತಲೆ ಎತ್ತಲಾಗಲಿಲ್ಲ.

"ಒರೆಸಿದ್ದು ನಾನು," ಅಂದಳು. "ಗೊತ್ತಿಲ್ಲದೆ ಒರೆಸಿದೆ. ಗೊತ್ತಿದ್ದೇ ಸುಳ್ಳು ಹೇಳಿದೆ. ಕ್ಷಮಿಸು ರಂಗಯ್ಯ, ನಾಳೆ ಕಮಿಟಿ ಮುಂದೆನೂ ಹೇಳ್ತೀನಿ."

ಓಂಕಾರೇಶ್ ತಿರುಗಿ ಹೊರಟುಹೋದ.

ಮಾರನೇ ದಿನ ಕಮಿಟಿಯವರ ಮುಂದೆ ತಪ್ಪೊಪ್ಪಿಕೊಂಡಳು. ರಂಗಯ್ಯ ಕೆಲಸಕ್ಕೆ ಮರಳಿದ. ಮಂಡಕ್ಕಿ ಪೊಟ್ಟಣ ಮಾತ್ರ ಬರಲಿಲ್ಲ. ಊರವರ ಮಾತಿಗಿಂತ ಆ ಖಾಲಿ ಸಂಜೆಗಳೇ ಅವಳನ್ನು ಹೆಚ್ಚು ಅಳಿಸಿದವು.

ಲೈಬ್ರರಿ ತೆರೆಯುವ ದಿನ ಬೆಳಗ್ಗೆ ಬೇಗ ಬಂದಳು. ಕಬ್ಬಿಣದ ಬಾಗಿಲ ಮುಂದೆ ಅವನಿದ್ದ, ಕೈಯಲ್ಲಿ ವಿಭೂತಿ ಗಟ್ಟಿ. ಬಾಗಿಲ ಮೇಲೆ ಎರಡೇ ಗೆರೆ ಇದ್ದವು.

"ಮೂರನೇದು ನೀವು ಎಳೀರಿ."

"ಬೇಡ... ಅದನ್ನ ಒರೆಸಿದ ಕೈ ಇದು."

"ಅದಕ್ಕೇ ಹೇಳ್ತಿರೋದು."

ಅವಳು ಬೆರಳಿಗೆ ವಿಭೂತಿ ತಗೊಂಡು ಎಳೆದಳು. ಗೆರೆ ಸೊಟ್ಟಗಾಯಿತು.

"ಸೊಟ್ಟ ಆಯ್ತು," ಅಂದಳು.

"ಆಗ್ಲಿ ಬಿಡು. ನಾಳೆ ಅದರ ಮೇಲೇ ಎಳೀಬೇಕಲ್ಲ. ಬತ್ತೀಯಾ?"

"ನಾಳೆ ಒಂದೇ ದಿನಾನಾ?"

"ನಮ್ಮಪ್ಪ ದಿನಾ ಬರ್ತಿದ್ರು."

ಸ್ಫೂರ್ತಿ ಅಷ್ಟು ದಿನಗಳಲ್ಲಿ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ಬತ್ತೀನಿ," ಅಂದಳು.